ಮಂಗನ ಕಾಯಿಲೆಯೂ ಅಣುಗಳ ವ್ಯಾಪಾರವೂ

(ಆಯನೂರಿನಲ್ಲಿ ಉಪಾಧ್ಯಾಯರೂ ಊರ ಮಹನೀಯರೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಜಗತ್ತಿನ ಯಾವ ಮೂಲೆಯ ವೈದ್ಯವಿದ್ಯಾಲಯಕ್ಕೆ ಹೋದರೂ ಅಲ್ಲಿನ ಗ್ರಂಥಗಳಲ್ಲಿ ನಮ್ಮ ಶಿವಮೊಗ್ಗ ಜಿಲ್ಲೆಯ ಒಂದು ಹಳ್ಳಿಯ ಹೆಸರು ಅಚ್ಚಾಗಿರುವುದನ್ನು ಕಾಣಬಹುದು. ಕೆಳದಿ, ಇಕ್ಕೇರಿ, ಬಳ್ಳಿಗಾವೆಗಳಿಗೆ ದೊರೆಯದ ಈ ಪ್ರಸಿದ್ಧಿಯು ಸೊರಬ ತಾಲ್ಲೂಕಿನ ಕ್ಯಾಸನೂರಿಗೆ ದೊರೆತಿದೆ. ಶಿಲ್ಪದಿಂದಲೋ ಶಾಸನದಿಂದಲೋ ಬಂದ ಕೀರ್ತಿಯಾಗಿದ್ದರೆ ನಾವು ಹೆಮ್ಮೆಪಡಬಹುದಾಗಿತ್ತು. ಇದು ಒಂದು ಜ್ವರದಿಂದ ಬಂದುದು. ನಾವು ಮಂಗನ ಕಾಯಿಲೆಯೆಂದು ಕರೆಯುವ ರೋಗವನ್ನು ಹೊರಗಿನವರು ಕ್ಯಾಸನೂರು ಕಾಡಿನ ಕಾಯಿಲೆಯೆಂದು ಕರೆಯುವರು. ರೋಗವನ್ನು ತರುವುದಕ್ಕೂ ಅದನ್ನು ನೀಗುವುದಕ್ಕೂ ಅಣುಗಳು ಹೇಗೆ ಕಾರಣವಾಗುವುವೆಂಬುದನ್ನು ಹೇಳಬೇಕೆಂದು ತಾವು ಅಪ್ಪಣೆ ಕೊಟ್ಟಿರುವಿರಿ. ದೂರದ ದೃಷ್ಟಾಂತವನ್ನು ಅರಸಿಕೊಂಡು ಹೋಗುವುದು ಅನಾವಶ್ಯಕ. ಈ ಊರಿನ ಮುಂದಿನ ಹೆದ್ದಾರಿಯಲ್ಲಿ ಸಾಗರದ ಕಡೆಗೆ ಹೊರಟವನು ಆ ಕಾಡುಗಳ ಸೆರಗನ್ನೇ ಮುಟ್ಟುವನು. ಶೆಟ್ಟಿಹಳ್ಳಿಯ ಅರಣ್ಯವೂ ನಿಮಗೆ ದೂರವಲ್ಲ.

1957ನೆಯ ಇಸವಿಯ ಮಾರ್ಚ್ ತಿಂಗಳು. ಕನ್ನಡ ಸೀಮೆಗಳಲ್ಲಿ ಬಹುಭಾಗವು ಒಂದೇ ಆಡಳಿತಕ್ಕೆ ಬಂದು ಐದು ತಿಂಗಳೂ ತುಂಬಿರಲಿಲ್ಲ. ಕ್ಯಾಸನೂರಿನ ಕಾಡಿನಲ್ಲಿ ಕರಿಮುಖದ ಮುಸುವಗಳೂ ಕೋತಿಗಳೂ ಮರದಿಂದ ಉದುರಿ ಸಾಯುತ್ತಲಿವೆ ಎಂಬ ಸುದ್ದಿ ಹಬ್ಬಿತು. ಸುತ್ತಣ ಹಳ್ಳಿಗಳಲ್ಲಿ ಕಾಡಿಗೆ ಹೋಗಿಬಂದ ಜನರು ಉರಿಜ್ವರದಿಂದ ಮಲಗುತ್ತಿದ್ದರು. ಮಂಗಗಳ ಮರಣವೂ ಮನುಷ್ಯರ ಜ್ವರವೂ ಜೊತೆಯಾಗಿ ಬರುವುದು ಆಫ್ರಿಕ ಮತ್ತು ದಕ್ಷಿಣ ಅಮೆರಿಕ ಖಂಡಗಳ ಹಳದಿ ಜ್ವರದ ಲಕ್ಷಣ. ಆ ಮಾರಿಯು ಏಷ್ಯಾಖಂಡದಲ್ಲಿ ಅದುವರೆಗೆ ಕಾಲಿಟ್ಟಿರಲಿಲ್ಲ. ಅದು ಈಗ ಬಂದುಬಿಟ್ಟಿತೇನೋ ಎಂದು ಬಲ್ಲವರು ಬೆಚ್ಚಿದರು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರದಿಂದ ಡಾಕ್ಟರ್ ಟೆಲ್ಫರ್ಡ್ ವರ್ಕ್ ಅವರೂ ಸಹೋದ್ಯೋಗಿಗಳೂ ಬಂದು ಸತ್ತ ಮಂಗಗಳನ್ನೂ ರೋಗಿಗಳ ರಕ್ತವನ್ನೂ ಕಾಡಿನ ಉಣುಗುಗಳನ್ನೂ ಪರೀಕ್ಷಿಸಿದರು. ಅವರಿಗೆ ದೊರೆತುದು ಹಳದಿ ಜ್ವರವಲ್ಲ. ರಷ್ಯದ ಹಿಮಾಚ್ಛಾದಿತ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ದಾಯಾದಿಯೊಂದು ನಮ್ಮ ಮಲೆನಾಡಿನಲ್ಲಿ ಕಾಣಿಸಿಕೊಂಡಿತು. ಸೋಜಿಗವೆಂದರೆ ಇದೇ.

ಇಲ್ಲಿ ಒಂದು ಮಾತು. ಕೆನ್ನೆ ಊದುವ ಮಂಗನ ಬಾವು ಬೇರೆ, ಈ ಮಂಗನ ಕಾಯಿಲೆ ಬೇರೆ. ಮಕ್ಕಳಿಗೆ ಪಾಠ ಹೇಳುವಾಗ ಇವೆರಡನ್ನೂ ಬಿಡಿಸಿ ಹೇಳಬೇಕು. ಅಲ್ಲದೆ ಈ ಹೆಸರಿನಿಂದ ಮಂಗಕ್ಕೆ ವೃಥಾ ಅಪವಾದ ಬಂದಿದೆ. ಪಾಪ, ಅದು ನಮ್ಮಂತೆಯೇ ರೋಗಕ್ಕೆ ತುತ್ತಾಗುವ ಪ್ರಾಣಿ. ನಮಗಿಂತ ಬೇಗ ಸಾಯುವ ಪ್ರಾಣಿ.

ಈ ರೋಗವನ್ನು ತರುವ ವಿಷಾಣುವೆಂದರೆ ಎಷ್ಟರದು? ಒಂದು ಮಿಲಿಮೀಟರಿನ ಉದ್ದದಲ್ಲಿ 20,000 ವಿಷಾಣುಗಳನ್ನು ಸಾಲಾಗಿ ನಿಲ್ಲಿಸಬಹುದು. ಅದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ಉಸಿರಿಲ್ಲ. ಹೊರಗೆ ಕೊಬ್ಬಿನ ತೆಳುವಾದ ಒಂದು ಹೊದಿಕೆ. ಆ ಹೊದಿಕೆಯಲ್ಲಿ ನಾಟಿಕೊಂಡಿರುವ ಪ್ರೋಟೀನು ಅಥವಾ ಸಸಾರಜನಕದ ಅಣುಗಳು. ಒಳಗೆ ಆರ್‌ಎನ್‌ಎ ಎಂಬ ಒಂದೇ ಒಂದು ಉದ್ದನೆಯ ಅಣು. ಆರ್‌ಎನ್‌ಎ ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಒಂದು ಓಲೆಯೆಂದು ತಿಳಿಯಿರಿ. ಕ್ಯಾಸನೂರಿನ ವಿಷಾಣುವಿನ ಓಲೆಯಲ್ಲಿರುವ ಅಕ್ಷರಗಳು ಸುಮಾರು 10,800 ಮಾತ್ರ. ದಿನಪತ್ರಿಕೆಯ ಒಂದು ಪುಟದಲ್ಲಿ ಹಿಡಿಸಬಹುದಾದಷ್ಟು ಬರಹ. ಮನುಷ್ಯನ ದೇಹವನ್ನು ಕಟ್ಟುವ ಬರಹದಲ್ಲಿಯಾದರೋ ಸುಮಾರು 300 ಕೋಟಿ ಅಕ್ಷರಗಳುಂಟು. ಅಷ್ಟು ದೊಡ್ಡ ಗ್ರಂಥವನ್ನು ಇಷ್ಟು ಚಿಕ್ಕ ಚೀಟಿಯೊಂದು ಒಂದು ವಾರದೊಳಗೆ ಹಾಸಿಗೆ ಹಿಡಿಸುವುದು.

ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ. ಕಾಡಿನಲ್ಲಿ ಹಿಮಾಫಿಸಾಲಿಸ್ ಎಂಬ ಜಾತಿಯ ಉಣುಗು ಇರುವುದು. ಕೆಲವು ಕಡೆ ಇದನ್ನು ಉಣ್ಣೆಯೆಂದೂ ಹೇಳುವರು. ಮಳೆಗಾಲ ಕಳೆದ ಮೇಲೆ ಅದರ ಮರಿಗಳು ತರಗೆಲೆಗಳಲ್ಲಿ ಸಾಸಿವೆಗಿಂತ ಚಿಕ್ಕವಾಗಿ ಕಾದುಕೊಂಡಿರುವುವು. ಆದುದರಿಂದಲೇ ಈ ಕಾಯಿಲೆಯ ಕಾಲವು ನವೆಂಬರ್ ತಿಂಗಳಿಂದ ಮೇ ತಿಂಗಳವರೆಗೆ. ಅಡಕೆ ತೋಟಕ್ಕೆ ಸೊಪ್ಪು ತರುವವನು, ಸೌದೆಗೆ ಹೋದ ಹೆಂಗಸು, ದನ ಕಾಯುವ ಹುಡುಗ, ಇವರ ಮೈಗೆ ಅದು ಹತ್ತುವುದು. ಕಚ್ಚಿದುದು ತಿಳಿಯುವುದೇ ಇಲ್ಲ. ಏಕೆಂದರೆ ಉಣುಗಿನ ಜೊಲ್ಲಿನಲ್ಲಿಯೂ ವಿಶೇಷವಾದ ಅಣುಗಳಿವೆ. ನೋವನ್ನೂ ತುರಿಕೆಯನ್ನೂ ಅಡಗಿಸುವ ಅಣು ಒಂದು ಬಗೆ. ರಕ್ತವು ಹೆಪ್ಪುಗಟ್ಟದಂತೆ ತಡೆಯುವ ಅಣು ಇನ್ನೊಂದು ಬಗೆ. ನಮ್ಮ ಚರ್ಮದ ಕಾವಲುಪಡೆಯನ್ನು ಮಂಪರುಗೊಳಿಸುವುದು ಮತ್ತೊಂದು ಬಗೆ. ಕಳ್ಳನು ನಾಯಿಗೆ ಮದ್ದು ಹಾಕಿ ಮನೆಯನ್ನು ಹೊಗುವಂತೆ, ಉಣುಗು ಈ ಅಣುಗಳನ್ನು ಮೊದಲು ಕಳುಹಿಸಿ ಆಮೇಲೆ ನೆಮ್ಮದಿಯಾಗಿ ರಕ್ತ ಹೀರುವುದು. ಅದರ ಬೆನ್ನಿಗೆ ವಿಷಾಣುವೂ ಒಳಹೊಕ್ಕುಬಿಡುವುದು.

ವಿಷಾಣುವಿನ ಮೇಲ್ಮೈಯ ಪ್ರೋಟೀನು ನಮ್ಮ ಜೀವಕೋಶದ ಹೊರಗೋಡೆಯ ಅಣುಗಳಿಗೆ ಅಂಟಿಕೊಳ್ಳುವುದು. ಜೀವಕೋಶವು ಅದನ್ನು ಯಾವುದೋ ಆಹಾರದ ತುಣುಕೆಂದು ಬಗೆದು ಒಂದು ಚೀಲದೊಳಗೆ ಎಳೆದುಕೊಂಡು, ಜೀರ್ಣಿಸುವುದಕ್ಕಾಗಿ ಆ ಚೀಲದಲ್ಲಿ ಹುಳಿಯನ್ನು ಹೆಚ್ಚಿಸುವುದು. ಅದೇ ಅನರ್ಥಕ್ಕೆ ದಾರಿ. ಹುಳಿ ತಾಗಿದೊಡನೆ ಆ ಪ್ರೋಟೀನು ತನ್ನ ಆಕಾರವನ್ನು ಬದಲಿಸಿ ಚೀಲದ ಗೋಡೆಗೆ ನಾಟಿಕೊಂಡು, ವಿಷಾಣುವಿನ ಕೊಬ್ಬನ್ನೂ ಚೀಲದ ಕೊಬ್ಬನ್ನೂ ಬೆಸೆದುಬಿಡುವುದು. ಓಲೆಯು ಒಳಗೆ ಜಾರುವುದು. ನಮ್ಮ ಜೀವಕೋಶದ ಕಾರ್ಖಾನೆಗೆ ಸ್ವಂತ ಓಲೆ ಯಾವುದು, ಕಳ್ಳ ಓಲೆ ಯಾವುದು ಎಂಬ ವಿವೇಕವಿಲ್ಲ. ಅದು ಈ ಓಲೆಯನ್ನೂ ಓದಿ 3,400ಕ್ಕೂ ಮಿಕ್ಕಿದ ಕೊಂಡಿಗಳುಳ್ಳ ಒಂದೇ ಉದ್ದನೆಯ ಪ್ರೋಟೀನಿನ ಸರಪಳಿಯನ್ನು ನೇಯ್ದುಕೊಡುವುದು. ಆ ಸರಪಳಿಯು 10 ತುಂಡುಗಳಾಗಿ ಕತ್ತರಿಸಲ್ಪಡುವುದು. 3 ತುಂಡುಗಳು ಹೊಸ ವಿಷಾಣುಗಳ ಮೈಯಾಗುವುವು. ಉಳಿದ 7 ತುಂಡುಗಳು ಒಳಗಿನ ಕೆಲಸದಾಳುಗಳು. ಕತ್ತರಿಯಾಗಿ ಕೆಲಸಮಾಡುವುದು ಒಂದು, ಓಲೆಯ ನಕಲು ತೆಗೆಯುವ ಗುಮಾಸ್ತನು ಮತ್ತೊಂದು. ಈ ಗುಮಾಸ್ತನಿಗೆ ಇನ್ನೊಂದು ದುಷ್ಟ ವಿದ್ಯೆಯೂ ಗೊತ್ತು. ಸೋಂಕು ತಗಲಿದ ಜೀವಕೋಶವು ಇಂಟರ್‌ಫೆರಾನ್ ಎಂಬ ಅಣುವನ್ನು ಹೊರಗೆ ಕಳುಹಿಸಿ ನೆರೆಹೊರೆಯ ಕೋಶಗಳಿಗೆ ಎಚ್ಚರಿಕೆ ಕೊಡುವುದುಂಟು. ಆ ಕೂಗು ಕೇಳಿದ ಕೋಶಗಳು ಬಾಗಿಲು ಭದ್ರಪಡಿಸುವುದನ್ನೇ ಈ ಗುಮಾಸ್ತನು ತಡೆಯುವನು.

ಕಚ್ಚಿದ 3ರಿಂದ 8 ದಿನಗಳೊಳಗೆ ಜ್ವರವು ಒಮ್ಮೆಲೇ ಏರುವುದು. ತಲೆ ಸಿಡಿಯುವುದು, ಸೊಂಟ ಮೀನಖಂಡಗಳು ಮುರಿದಂತಾಗುವುವು, ಕಣ್ಣು ಕೆಂಪೇರುವುದು. ಕೆಲವರಿಗೆ ಮೂಗಿನಿಂದಲೂ ವಸಡಿನಿಂದಲೂ ರಕ್ತ ಬರುವುದು. ಎಷ್ಟೋ ಮಂದಿ ಇಷ್ಟಕ್ಕೇ ಗುಣಮುಖರಾಗುವರು. ಆದರೆ ನೂರರಲ್ಲಿ 10ರಿಂದ 20 ಮಂದಿಗೆ ಒಂದೆರಡು ವಾರ ನೆಮ್ಮದಿಯಾಗಿದ್ದು ಮತ್ತೆ ಜ್ವರ ಮರುಕಳಿಸಿ ಮಿದುಳಿಗೆ ಏರಿ ನಡುಕವೂ ಭ್ರಮೆಯೂ ಕಾಣಿಸುವುವು. ಒಟ್ಟಿನಲ್ಲಿ ನೂರು ರೋಗಿಗಳಲ್ಲಿ 3ರಿಂದ 5 ಮಂದಿ ತೀರಿಕೊಳ್ಳುವರು.

ಜ್ವರವನ್ನು ಎಬ್ಬಿಸುವುದು ವಿಷಾಣುವೇ ಎಂದು ನಾವು ಬಗೆಯುತ್ತೇವೆ, ನೇರವಾಗಿ ಅದಲ್ಲ. ಶತ್ರುವನ್ನು ಕಂಡ ನಮ್ಮ ಬಿಳಿಯ ರಕ್ತಕಣಗಳು ಹೊರಡಿಸುವ ದೂತಾಣುಗಳು ಮಿದುಳಿನಲ್ಲಿ ಪ್ರಾಸ್ಟಗ್ಲಾಂಡಿನ್ ಎಂಬ ಅಣುವನ್ನು ಹೆಚ್ಚಿಸುವುವು; ಆ ಅಣುವು ದೇಹದ ಕಾವಿನ ಅಳತೆಯನ್ನು ಮೇಲಕ್ಕೆ ಏರಿಸುವುದು. ಪ್ಯಾರಾಸಿಟಮಾಲ್ ಗುಳಿಗೆಯು ಈ ಅಣುವಿನ ತಯಾರಿಕೆಯನ್ನು ತಗ್ಗಿಸಿ ಜ್ವರವನ್ನು ಇಳಿಸುವುದು. ಆಸ್ಪಿರಿನ್ ಕೂಡ ಇದೇ ಕೆಲಸವನ್ನು ಮಾಡುವುದಲ್ಲವೇ ಎಂದು ಯಾರಾದರೂ ಕೇಳಬಹುದು. ಮಾಡುವುದು; ಅದರಲ್ಲಿಯೇ ಅಪಾಯ. ಗಾಯವಾದಲ್ಲಿ ಒಟ್ಟುಗೂಡಿ ರಕ್ತವನ್ನು ನಿಲ್ಲಿಸುವ ಪ್ಲೇಟ್‌ಲೆಟ್ ಎಂಬ ಕಿರುಫಲಕಗಳು ನಮ್ಮ ರಕ್ತದಲ್ಲಿವೆ. ಅವು ಒಂದನ್ನೊಂದು ಕರೆಯುವುದಕ್ಕೆ ಬೇಕಾದ ಅಣುವನ್ನು ತಯಾರಿಸುವ ಯಂತ್ರಕ್ಕೆ ಆಸ್ಪಿರಿನ್ ಶಾಶ್ವತವಾಗಿ ಬೀಗ ಹಾಕಿಬಿಡುವುದು. ಬೇರೆ ಜೀವಕೋಶವಾದರೆ ಹೊಸ ಯಂತ್ರವನ್ನು ಕಟ್ಟಿಕೊಂಡೀತು. ಕಿರುಫಲಕಕ್ಕೆ ಕೋಶಕೇಂದ್ರವಿಲ್ಲವಾದುದರಿಂದ ತನ್ನ ಆಯುಷ್ಯವಿರುವ ಏಳೆಂಟು ಹತ್ತು ದಿನಗಳೂ ಅದು ಹಾಗೆಯೇ ಇರುವುದು. ಮಂಗನ ಕಾಯಿಲೆಯಲ್ಲಿ ಈ ಕಿರುಫಲಕಗಳ ಸಂಖ್ಯೆಯು ಮೊದಲೇ ಇಳಿದಿರುವುದು. ಹೀಗಿರಲಾಗಿ ಅಂಗಡಿಯಿಂದ ಸಿಕ್ಕಿದ ಗುಳಿಗೆಯನ್ನು ತಂದು ನುಂಗುವುದು ರಕ್ತಸ್ರಾವಕ್ಕೆ ಆಹ್ವಾನ ಕೊಟ್ಟಂತೆ. ಒಂದು ಅಣುವಿನ ಹೆಸರನ್ನು ತಿಳಿದಿರುವುದರಿಂದ ಒಂದು ಪ್ರಾಣ ಉಳಿಯುವ ಸಂದರ್ಭವಿದು. ಶಾಲೆಯಲ್ಲಿ ಹೇಳಬೇಕಾದ ರಸಾಯನಶಾಸ್ತ್ರವೆಂದರೆ ನನ್ನ ಮಟ್ಟಿಗೆ ಇಂತಹುದು.

ಇನ್ನು ನಮ್ಮ ದೇಹವು ಹೋರಾಡುವ ಬಗೆ. ವಿಷಾಣುವಿನ ಮೇಲ್ಮೈಯ ಪ್ರೋಟೀನಿಗೆ ಸರಿಯಾಗಿ ಹೊಂದುವ ಪ್ರತಿಕಾಯವೆಂಬ ಅಣುವನ್ನು ದೇಹವು ಕೆಲವು ದಿನಗಳಲ್ಲಿ ತಯಾರಿಸುವುದು. ಅದು ಹೋಗಿ ಆ ಪ್ರೋಟೀನನ್ನು ಹಿಡಿದುಕೊಂಡಿತೆಂದರೆ ವಿಷಾಣುವಿನ ಬೀಗದ ಕೈಗೆ ಮೇಣ ಮೆತ್ತಿದಂತೆ. ಯಾವ ಬಾಗಿಲೂ ತೆರೆಯದು. ರೋಗವನ್ನು ಪತ್ತೆಮಾಡುವುದಕ್ಕೂ ಈ ಅಣುಗಳೇ ಸಾಕ್ಷಿ. ಜ್ವರದ ಮೊದಲ ದಿನಗಳಲ್ಲಿ ರಕ್ತದಲ್ಲಿರುವ ಆರ್‌ಎನ್‌ಎ ಓಲೆಯನ್ನೇ ಪಿಸಿಆರ್ ಎಂಬ ವಿಧಾನದಿಂದ ಕೋಟಿಗಟ್ಟಲೆ ಪ್ರತಿಮಾಡಿ ಗುರುತಿಸುವರು. ದಿನಗಳು ಕಳೆದ ಮೇಲೆ ಪ್ರತಿಕಾಯವನ್ನು ಹುಡುಕುವರು. ಹಿಂದೆ ಮಾದರಿಗಳು ಪುಣೆಗೆ ಹೋಗಿ ಉತ್ತರ ಬರುವುದರೊಳಗೆ ರೋಗಿಯ ಗತಿಯು ನಿಶ್ಚಯವಾಗಿಬಿಡುತ್ತಿತ್ತು. ಈಗ ಶಿವಮೊಗ್ಗದ ವೈರಾಣು ಪರೀಕ್ಷಾಲಯದಲ್ಲಿಯೇ ಈ ಪರೀಕ್ಷೆಯಾಗುವುದು. ಇದು ಸಣ್ಣ ಅನುಕೂಲವಲ್ಲ.

ಲಸಿಕೆಯ ಕಥೆಗೆ ಬರೋಣ. ನನ್ನ ಮನಸ್ಸನ್ನು ಹೆಚ್ಚಾಗಿ ಹಿಡಿದಿರುವುದು ಇದೇ. ನಿಮ್ಮ ಶಾಲೆಯ ಕಪಾಟಿನಲ್ಲಿ ಹಾವನ್ನೋ ಕಪ್ಪೆಯನ್ನೋ ಹಾಕಿಟ್ಟ ಸೀಸೆಯಿದ್ದರೆ ಅದರಲ್ಲಿರುವ ನೀರು ಫಾರ್ಮಲಿನ್. ಅದು ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಬಿಗಿಯುವುದರಿಂದ ಪ್ರಾಣಿಯು ಸತ್ತಿದ್ದರೂ ಆಕಾರ ಕೆಡದು. ಇದೇ ಫಾರ್ಮಲಿನ್ನನ್ನು ಹಿತಮಿತವಾಗಿ ವಿಷಾಣುವಿಗೆ ಉಣಿಸಿದರೆ ಅದು ಸಾಯುವುದು, ಮುಖಚಹರೆ ಮಾತ್ರ ಉಳಿಯುವುದು. ಆ ಸತ್ತ ಮುಖವನ್ನು ದೇಹಕ್ಕೆ ತೋರಿಸಿದರೆ ದೇಹವು ಅದಕ್ಕೆ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುವುದು. ರಷ್ಯದ ರೋಗಕ್ಕೆಂದು ಮಾಡಿದ ಲಸಿಕೆಯನ್ನು ಮೊದಲು ನಮ್ಮ ಜನರ ಮೇಲೆ ಪ್ರಯೋಗಿಸಿ ನೋಡಿದರು. ದಾಯಾದಿಯ ಮುಖ ತೋರಿಸಿದರೆ ಈ ಕಳ್ಳನನ್ನು ಗುರುತಿಸಲು ಸಾಲದೆ ಹೋಯಿತು. ಬಳಿಕ ಕ್ಯಾಸನೂರಿನ ವಿಷಾಣುವನ್ನೇ ಕೋಳಿಪಿಂಡದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ನಿನಿಂದ ಕೊಂದು ಲಸಿಕೆಯನ್ನು ಸಿದ್ಧಪಡಿಸಿದರು. 1990ರ ವೇಳೆಗೆ ಅದು ಹಳ್ಳಿಗಳಿಗೆ ಬಂದಿತು. ಬೆಂಗಳೂರಿನ ಹೆಬ್ಬಾಳದಲ್ಲಿ, ಪಶುವೈದ್ಯ ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು.

ಅದರ ಫಲವೇನು? ಆರಂಭದ ವರ್ಷಗಳ ಪರೀಕ್ಷೆಯಲ್ಲಿ ಎರಡು ಚುಚ್ಚುಮದ್ದು ಪಡೆದವರಿಗೆ ನೂರಕ್ಕೆ 94ರಷ್ಟು ರಕ್ಷಣೆಯೆಂದು ಕಂಡುಬಂದಿತ್ತು. 2005ರಿಂದ 2010ರವರೆಗಿನ ಲೆಕ್ಕವನ್ನು ಪರಿಶೋಧಿಸಿ 2013ರಲ್ಲಿ ಪ್ರಕಟಿಸಿದ ವರದಿಯಲ್ಲಿ ಆ ಅಂಕೆಯು 62ಕ್ಕೆ ಇಳಿದಿತ್ತು. ಮೇಲೆ ಮತ್ತೆ ಮತ್ತೆ ಚುಚ್ಚಿಸಿಕೊಂಡವರಲ್ಲಿ ಅದು 83ರಷ್ಟಿತ್ತು. ಎಂದರೆ ಒಂದು ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಲ್ಲಿ ಇನ್ನೊಂದು, ಅನಂತರ ವರ್ಷ ವರ್ಷವೂ ಒಂದು, ಹೀಗೆ ತೋಳನ್ನು ಒಡ್ಡಬೇಕು. ಚುಚ್ಚಿದ ಸ್ಥಳವೋ ಕೆಂಡದಂತೆ ಉರಿಯುವುದು. ಕೂಲಿಯವನು ಎರಡು ದಿನದ ಸಂಪಾದನೆಯನ್ನು ಬಿಟ್ಟು ಈ ನೋವನ್ನು ವರ್ಷ ವರ್ಷ ಕೊಂಡುಕೊಳ್ಳಲಿ ಎನ್ನುವುದು ಸುಲಭ. ಮೊದಲ ಸೂಜಿಗೆ ಬಂದವರಲ್ಲಿ ಎಷ್ಟೋ ಮಂದಿ ಎರಡನೆಯದಕ್ಕೆ ಬರಲಿಲ್ಲ. ಜನರ ಮೌಢ್ಯವೆಂದು ಪೇಟೆಯ ವಿದ್ಯಾವಂತರು ಇದನ್ನು ಹಳಿಯುವುದು ನನಗೆ ಸರಿತೋರುವುದಿಲ್ಲ. ಲಸಿಕೆಯನ್ನು ಉತ್ತಮಪಡಿಸುವ ಕರ್ತವ್ಯವು ಜನರದಲ್ಲವಷ್ಟೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ರೋಗವು ಹೆಡೆಯೆತ್ತಿ ಅನೇಕರನ್ನು ಬಲಿ ತೆಗೆದುಕೊಂಡಾಗ ಈ ಲಸಿಕೆಯ ಬಲಹೀನತೆಯು ಎಲ್ಲರ ಬಾಯಲ್ಲಿಯೂ ಬಂದಿತು. ಕಟ್ಟಕಡೆಗೆ ಅದರ ಶಕ್ತಿಯು ಸಾಲದೆಂದು ತೀರ್ಮಾನವಾಗಿ 2022ರಿಂದೀಚೆಗೆ ಅದನ್ನು ಕೊಡುವುದನ್ನೇ ನಿಲ್ಲಿಸಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯ ಜೊತೆಗೂಡಿ ಹೊಸ ಲಸಿಕೆಯ ಕಾರ್ಯವನ್ನು ಕೈಕೊಂಡಿದೆ.

ಲಸಿಕೆ ಹಾಗಿರಲಿ, ರೋಗ ಬಂದ ಮೇಲೆ ವಿಷಾಣುವನ್ನೇ ಕೊಲ್ಲುವ ಮದ್ದುಂಟೋ? ಮನುಷ್ಯರಲ್ಲಿ ಫಲವು ಸಿದ್ಧವಾದ ಮದ್ದು ಇಲ್ಲ. ಏಕಿಲ್ಲ ಎಂಬುದಕ್ಕೆ ಒಂದು ಹೋಲಿಕೆಯನ್ನು ಹೇಳುವೆನು. ಯಕೃತ್ತನ್ನು ಕೆಡಿಸುವ ಹೆಪಟೈಟಿಸ್ ಸಿ ಎಂಬ ರೋಗದ ವಿಷಾಣುವೂ ನಮ್ಮ ಕ್ಯಾಸನೂರಿನ ವಿಷಾಣುವೂ ಒಂದೇ ವಂಶದವು. ಅದರಲ್ಲಿಯೂ ಆರ್‌ಎನ್‌ಎ ಓಲೆ, ಅದರಲ್ಲಿಯೂ ನಕಲು ತೆಗೆಯುವ ಗುಮಾಸ್ತ. ಅದನ್ನು ಕಂಡುಹಿಡಿದುದು 1989ರಲ್ಲಿ, ಎಂದರೆ ನಮ್ಮದಕ್ಕಿಂತ 32 ವರ್ಷ ತಡವಾಗಿ. ಶಾಸ್ತ್ರಜ್ಞರು ಆ ಗುಮಾಸ್ತನ ಕೈಗೆ ಸುಳ್ಳು ಅಕ್ಷರವೊಂದನ್ನು ಕೊಡುವ ಉಪಾಯವನ್ನು ಹೂಡಿದರು. ಸೊಫೊಸ್ಬುವಿರ್ ಎಂಬುದು ಆ ಮದ್ದು. ದೇಹದೊಳಗೆ ಅದು ಓಲೆಯ ನಿಜವಾದ ಅಕ್ಷರದಂತೆಯೇ ಕಾಣುವುದು. ಗುಮಾಸ್ತನು ಅದನ್ನು ಸಾಲಿಗೆ ಸೇರಿಸಿದನೋ, ಬರಹವು ಅಲ್ಲಿಗೇ ನಿಲ್ಲುವುದು. 2013ರಲ್ಲಿ ಅಮೆರಿಕದಲ್ಲಿ ಅದಕ್ಕೆ ಸಮ್ಮತಿ ದೊರೆಯಿತು. ಇಂದು ಇತರ ಮದ್ದುಗಳ ಜೊತೆಗೆ ಅದನ್ನು ಸಾಮಾನ್ಯವಾಗಿ 12 ವಾರ ನುಂಗಿದ ನೂರು ಮಂದಿಯಲ್ಲಿ 90ಕ್ಕೂ ಮಿಕ್ಕಿ ಗುಣಹೊಂದುವರು. ಹೆಪಟೈಟಿಸ್ ಸಿ ಶ್ರೀಮಂತ ದೇಶಗಳಲ್ಲಿಯೂ ಉಂಟು, ಆ ಮದ್ದಿಗೆ ಕೊಳ್ಳುವವರುಂಟು. ಸೊಪ್ಪು ಸೌದೆಗಾಗಿ ಕಾಡಿಗೆ ಹೋಗುವವನ ರೋಗಕ್ಕೆ ಅಂಗಡಿ ತೆರೆಯುವವರಾರು? ನಮ್ಮ ವಿಷಾಣುವಿನ ಓಲೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದಿಯಾಗಿದೆ. ಅದರ ಗುಮಾಸ್ತನೂ ಕತ್ತರಿಯೂ ಶಾಸ್ತ್ರಜ್ಞರಿಗೆ ಪರಿಚಿತ. ಕೊರತೆಯಿರುವುದು ಜ್ಞಾನದಲ್ಲಿಯೇ ಎಂದು ನನಗೆ ತೋರುವುದಿಲ್ಲ.

ಆದರೆ ನೇರವಾದ ಮದ್ದಿಲ್ಲವೆಂದ ಮಾತ್ರಕ್ಕೆ ಚಿಕಿತ್ಸೆಯೇ ಇಲ್ಲವೆಂದು ಯಾರೂ ಮನೆಯಲ್ಲಿ ಮಲಗಬಾರದು. ನೀರಿನಂಶವನ್ನು ಕಾಪಾಡುವುದು, ಕಿರುಫಲಕಗಳ ಎಣಿಕೆಯನ್ನು ನೋಡುತ್ತಿರುವುದು, ರಕ್ತಸ್ರಾವವಾದರೆ ರಕ್ತವನ್ನು ಕೊಡುವುದು, ಮಿದುಳಿಗೆ ಏರುವ ಲಕ್ಷಣವನ್ನು ಬೇಗನೆ ಗುರುತಿಸುವುದು, ಇವುಗಳಿಂದ ದೇಹಕ್ಕೆ ತನ್ನ ಪ್ರತಿಕಾಯಗಳನ್ನು ತಯಾರಿಸಿಕೊಳ್ಳಲು ಬೇಕಾದ ದಿನಗಳು ದೊರೆಯುವುವು. ಮೊದಲನೆಯ ಅಥವಾ ಎರಡನೆಯ ದಿನವೇ ಆಸ್ಪತ್ರೆ ಸೇರಿದವನಿಗೂ ಏಳನೆಯ ದಿನ ಸೇರಿದವನಿಗೂ ಬಹಳ ಅಂತರವುಂಟು.

ಈ ರೋಗವು ಈಗ ಸೊರಬ ಸಾಗರಗಳ ಸೊತ್ತಾಗಿ ಉಳಿದಿಲ್ಲ. ಉತ್ತರ ಕನ್ನಡ, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡಗಳಿಗೆ ಹಬ್ಬಿತು; 2012ರಲ್ಲಿ ಬಂಡೀಪುರದ ಕಾಡಿನಲ್ಲಿ ಕಂಡಿತು; ಅನಂತರ ಕೇರಳದ ವಯನಾಡು, ಗೋವೆ, ಮಹಾರಾಷ್ಟ್ರದ ಸಿಂಧುದುರ್ಗಗಳಿಂದಲೂ ವರದಿಯಾಯಿತು. ಉಣುಗಿಗೆ ಜಿಲ್ಲೆಯ ಎಲ್ಲೆಯಿಲ್ಲ, ಪ್ರಾಂತದ ಎಲ್ಲೆಯಿಲ್ಲ. ಎಲ್ಲೆಗಳಿರುವುದು ನಮ್ಮ ಕಡತಗಳಲ್ಲಿ. ಒಂದು ಕಡೆ ಮಂಗ ಸತ್ತ ಸುದ್ದಿಯು ಪಕ್ಕದ ಸೀಮೆಯ ವೈದ್ಯನಿಗೆ ಮುಟ್ಟುವ ಮೊದಲೇ ಅಲ್ಲಿ ಜ್ವರವು ಮುಟ್ಟಿರುವುದು. ಕಾಡನ್ನು ಕಡಿದು ಗದ್ದೆ ತೋಟಗಳನ್ನು ಮಾಡಿ, ಉಳಿದ ಕಾಡಿಗೆ ದನಗಳನ್ನು ಅಟ್ಟಿದುದರಿಂದ ಉಣುಗುಗಳು ಹೆಚ್ಚಿ ಈ ರೋಗವು ಕೆರಳಿತೆಂದು ಬೊಶೆಲ್ ಎಂಬ ಸಂಶೋಧಕರು 1969ರಲ್ಲಿಯೇ ಬರೆದಿದ್ದರು. ದನಕ್ಕೆ ರೋಗ ಬಾರದು. ಆದರೆ ಬೆಳೆದ ಉಣುಗಿಗೆ ದನವೇ ಅನ್ನಛತ್ರ.

ಉಪಾಧ್ಯಾಯರು ಮಾಡಬಹುದಾದ ಕೆಲಸವನ್ನು ಹೇಳಿ ಮುಗಿಸುವೆನು. ಸತ್ತ ಮಂಗವನ್ನು ಕಂಡ ಸುದ್ದಿಯು ಹಿರಿಯರಿಗಿಂತ ಮೊದಲು ಹುಡುಗರಿಗೆ ತಿಳಿದಿರುವುದು. ಸತ್ತ ಮಂಗದ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲ ತರಗೆಲೆಗಳಲ್ಲಿ ಸೇರಿಕೊಳ್ಳುವುದರಿಂದ ಆ ಸ್ಥಳವು ಬಹು ಅಪಾಯಕಾರಿ. ಹುಡುಗರು ಹತ್ತಿರ ಹೋಗದೆ ನಿಮಗೆ ಹೇಳಲಿ. ನೀವು ಆ ದಿನವೇ ಪಂಚಾಯತಿಗೂ ಆರೋಗ್ಯ ಕೇಂದ್ರಕ್ಕೂ ತಿಳಿಸಿರಿ. ಕಾಡಿಗೆ ಹೋಗುವವರು ಆರೋಗ್ಯ ಇಲಾಖೆಯು ಹಂಚುವ ಡೇಪಾ ತೈಲವನ್ನು ಕೈಕಾಲುಗಳಿಗೆ ಹಚ್ಚಿಕೊಳ್ಳಲಿ. ಉಣುಗಿನ ಮೂಗಿಗೆ ನಮ್ಮ ಮೈವಾಸನೆಯ ಸುಳಿವು ಹತ್ತದಂತೆ ಮಾಡುವ ಅಣು ಅದರಲ್ಲಿದೆ. ಕೆಲವು ಗಂಟೆಗಳ ಮೇಲೆ ಅದು ಹಾರಿಹೋಗುವುದರಿಂದ ಬೆಳಗ್ಗೆ ಹಚ್ಚಿದುದು ಸಂಜೆಗೆ ಸಾಲದು. ಮರಳಿ ಬಂದೊಡನೆ ಬಟ್ಟೆಗಳನ್ನು ಬಿಸಿನೀರಿನಲ್ಲಿ ಹಾಕಿ, ಸಾಬೂನು ಹಚ್ಚಿ ಮಿಂದು, ಕಂಕುಳು, ಮಂಡಿಯ ಹಿಂಭಾಗ, ಕಿವಿಯ ಹಿಂಭಾಗಗಳನ್ನು ಮತ್ತೊಬ್ಬರಿಂದ ನೋಡಿಸಿಕೊಳ್ಳಬೇಕು. ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ ಸುರಿಯುವುದೂ ಬೆಂಕಿ ತಾಗಿಸುವುದೂ ಬೇಡ. ಚಿಮಟದಿಂದ ಚರ್ಮಕ್ಕೆ ಒತ್ತಿ ತಲೆಯ ಬಳಿ ಹಿಡಿದು ಮೆಲ್ಲಗೆ ನೇರವಾಗಿ ಎಳೆಯಬೇಕು. ಬೆರಳಲ್ಲಿ ಅರೆಯಬಾರದು. ಆ ದಿನಾಂಕವನ್ನು ಗುರುತುಹಾಕಿಕೊಂಡು, ಎರಡು ವಾರಗಳೊಳಗೆ ಜ್ವರ ಬಂದರೆ ವೈದ್ಯರಿಗೆ ಮೊದಲು ಆ ದಿನಾಂಕವನ್ನೇ ಹೇಳಬೇಕು.

ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟುವುದಿಲ್ಲವೆಂಬುದನ್ನೂ ಮನೆಮನೆಗೆ ತಿಳಿಸಿರಿ. ರೋಗಿಯ ಮನೆಗೆ ನೀರು ತಂದುಕೊಡಲು ನೆರೆಯವರು ಅಂಜಬೇಕಾದುದಿಲ್ಲ. ಉಣುಗುಗಳ ಚಿತ್ರಪಟವನ್ನು ಜೊತೆಗೆ ತಂದಿದ್ದೇನೆ. ಮೇಜಿನ ಮೇಲಿಟ್ಟಿದೆ, ಹತ್ತಿರ ಬಂದು ನೋಡಬಹುದು. ಪ್ರಶ್ನೆಗಳಿದ್ದರೆ ಅಲ್ಲಿಯೇ ಕೇಳಿರಿ.